ಗರ್ಭನಿರೋಧಕ ಮಾತ್ರೆ ಶುರು ಮಾಡುವ ಮೊದಲು ಲಿವರ್ ಬಗ್ಗೆ ಇಷ್ಟು ನೋಡಿಕೊಳ್ಳಿ

ಆಶಾ ಕಾರ್ಯಕರ್ತೆ ಕೊಡುವ ಮಾಲಾ-ಎನ್ ಇರಲಿ, ಕಾರವಾರದ ಮೆಡಿಕಲ್‌ನಲ್ಲಿ ಕೊಂಡ ಮಾಲಾ-ಡಿ ಇರಲಿ, ಒಳಗಿರುವುದು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್. 21 ಹಾರ್ಮೋನ್ ಮಾತ್ರೆ, 7 ಕಬ್ಬಿಣದ ಮಾತ್ರೆ. ಹೆಚ್ಚಿನವರ ಲಿವರ್‌ಗೆ ಇದರಿಂದ ಏನೂ ಆಗುವುದಿಲ್ಲ. ತೊಂದರೆ ಯಾರಿಗೆ ಆಗಬಹುದು ಅನ್ನುವುದು ಮಾತ್ರ ಎಷ್ಟೋ ಸಲ ಮೊದಲೇ ಗೊತ್ತಾಗುತ್ತದೆ.

ಮೊದಲು ಹಿಂದಿನ ಬಸಿರು ನೆನಪು ಮಾಡಿಕೊಳ್ಳಿ. ಕೊನೆಯ ತಿಂಗಳುಗಳಲ್ಲಿ ಗುಳ್ಳೆಯೇನೂ ಇಲ್ಲದೆ ಅಂಗೈ, ಅಂಗಾಲು ರಾತ್ರಿಯೆಲ್ಲ ತುರಿಸುತ್ತಿತ್ತಾ? ಕಾಮಾಲೆ ಆಗಿತ್ತಾ? ಹೆರಿಗೆಯಾದ ಮೇಲೆ ಹೋಯಿತಲ್ಲ ಎಂದು ಮನೆಯಲ್ಲಿ ಎಲ್ಲರೂ ಮರೆತಿರುತ್ತಾರೆ, ಆದರೆ ಈಸ್ಟ್ರೋಜೆನ್ ಜಾಸ್ತಿಯಾದಾಗ ನಿಮ್ಮ ಲಿವರ್‌ನಿಂದ ಪಿತ್ತ ಸರಿಯಾಗಿ ಹರಿಯುವುದಿಲ್ಲ ಅನ್ನುವುದಕ್ಕೆ ಅದೇ ಸುಳಿವು, ಮಾತ್ರೆ ತಗೊಂಡಾಗಲೂ ಹಾಗೇ ಆಗಬಹುದು. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಶಿರಸಿ ಜಾತ್ರೆಗೋ ಚೌತಿಗೋ ಮುಟ್ಟು ಮುಂದೂಡಲು ನೊರೆಥಿಸ್ಟೆರೋನ್ ನುಂಗುವವರಿಗೂ ಇದೇ ಮಾತು. ಅದೂ ಹಾರ್ಮೋನೇ, ಸುಮ್ನೆ ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ.

ಈಗ ಕಾಮಾಲೆ ಇದ್ದರೆ, ಲಿವರ್ ಗಡ್ಡೆ ಅಥವಾ ತೀವ್ರ ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ) ಇದ್ದರೆ ಈ ಮಾತ್ರೆ ಶುರು ಮಾಡಬಾರದು. ಟಿಬಿಗೆ ರಿಫಾಂಪಿಸಿನ್ ತಗೊಳ್ಳುತ್ತಿದ್ದರೂ ಹೇಳಿ, ಅದು ಗರ್ಭನಿರೋಧಕದ ಬಲವನ್ನೇ ಕಡಿಮೆ ಮಾಡುತ್ತದೆ. ಆರೋಗ್ಯವಾಗಿರುವವರಿಗೆ ಲಿವರ್ ಟೆಸ್ಟ್ ಬೇಕಾಗಿಲ್ಲ.

ಶುರು ಮಾಡಿದ ಮೊದಲ ಎರಡು ಮೂರು ತಿಂಗಳು ಮೈ ಕಡೆ ಗಮನವಿರಲಿ. ಮೈ ತುರಿಕೆ, ಕಡು ಹಳದಿ ಮೂತ್ರ, ಬಿಳಿಚಿದ ಮಲ, ಕಣ್ಣು ಹಳದಿ, ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ. ಡಾಕ್ಟರ್ ನೋಡಿ ಹೇಳುವವರೆಗೆ ಕಾಂಡೋಮ್ ಇರಲಿ. ನೆಲನೆಲ್ಲಿ ಕಷಾಯ ಕುಡಿಯುತ್ತಾ ಮಾತ್ರೆಯನ್ನೂ ನುಂಗುತ್ತಾ ಮನೆಯಲ್ಲೇ ಕೂತರೆ ಕಾರಣ ಹಾಗೇ ಉಳಿಯುತ್ತದೆ, ಅಲ್ವಾ? ಸ್ಟ್ರಿಪ್ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ. ಲಿವರ್ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಬಿಲಿರುಬಿನ್, ಎಸ್‌ಜಿಪಿಟಿ ನೋಡುತ್ತಾರೆ. ಮಾತ್ರೆಯಿಂದಲೇ ಆದದ್ದಾದರೆ ಬಿಟ್ಟ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ.

ವರ್ಷಗಟ್ಟಲೆ ತಗೊಂಡವರಲ್ಲಿ ಬಹಳ ಅಪರೂಪಕ್ಕೆ ಲಿವರ್‌ನಲ್ಲಿ ಅಡೆನೋಮಾ ಎಂಬ ಗಡ್ಡೆ ಬೆಳೆಯುತ್ತದೆ. ಕ್ಯಾನ್ಸರ್ ಅಲ್ಲ, ಆದರೆ ಒಡೆದರೆ ಒಳಗೇ ರಕ್ತ ಸುರಿಯುತ್ತದೆ. ಬಲಪಕ್ಕೆಯ ಕೆಳಗೆ ಒಮ್ಮೆಲೇ ಜೋರು ನೋವು, ತಲೆಸುತ್ತು ಬಂದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಮಾತ್ರೆ ಆಗದವರಿಗೆ ಕಾಪರ್-ಟಿ ಇದೆ. ಅದರಲ್ಲಿ ಹಾರ್ಮೋನೇ ಇಲ್ಲ, 380-ಎ ಎಂಬ ಬಗೆಯಾದರೆ 10 ವರ್ಷ ಬರುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ.