ಸ್ಕ್ಲೆರೋಡರ್ಮಾ ಇದ್ದವರು ಅನ್ನನಾಳ ಕಾಪಾಡಿಕೊಳ್ಳುವುದು ಹೇಗೆ?

ಚರ್ಮವೂ ಒಳಗಿನ ಅಂಗಗಳೂ ಗಟ್ಟಿಯಾಗುತ್ತ ಹೋಗುವ ಕಾಯಿಲೆಯಾದ ಸಿಸ್ಟಮಿಕ್ ಸ್ಕ್ಲೆರೋಸಿಸ್ ಅಥವಾ ಸ್ಕ್ಲೆರೋಡರ್ಮಾ ಎಂದ ಕೂಡಲೇ ಎಲ್ಲರ ಗಮನ ಹೋಗುವುದು ಬಿಗಿದ ಚರ್ಮದ ಕಡೆಗೆ, ಚಳಿಗೆ ಬಿಳಿಚಿಕೊಂಡು ನೀಲಿಗಟ್ಟುವ ಬೆರಳುಗಳ ಕಡೆಗೆ. ಎದೆಯ ನಡುವೆ ತುತ್ತು ನಿಂತಂತಾದರೆ, ರಾತ್ರಿ ಬಾಯಿಗೆ ಹುಳಿನೀರು ಬಂದರೆ ಮಾತ್ರ ‘ಗ್ಯಾಸ್ಟ್ರಿಕ್’ ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಈ ಕಾಯಿಲೆ ಇರುವವರಲ್ಲಿ ಬಹುಪಾಲು ಮಂದಿಗೆ, ಅಂದರೆ ಶೇ 90ರವರೆಗೂ, ಅನ್ನನಾಳದ ತೊಂದರೆ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಉರಿಯೂ ಇರುವುದಿಲ್ಲ, ನೋವೂ ಇರುವುದಿಲ್ಲ. ಒಳಗೆ ಹಾನಿ ನಡೆದೇ ಇರುತ್ತದೆ.

ಮೊದಲು ಒಳಗೆ ಏನಾಗುತ್ತದೆಂದು ತಿಳಿದುಕೊಳ್ಳಿ. ಅನ್ನನಾಳದ ಕೆಳಗಿನ ಮೂರನೇ ಎರಡು ಭಾಗದ ಸ್ನಾಯುಗಳು ನಮ್ಮ ಇಚ್ಛೆಯಿಲ್ಲದೆ ತಾವಾಗಿಯೇ ಅಲೆಯಂತೆ ಹಿಂಡಿ ಆಹಾರವನ್ನು ಕೆಳಕ್ಕೆ ತಳ್ಳುತ್ತವೆ. ಸ್ಕ್ಲೆರೋಡರ್ಮಾದಲ್ಲಿ ಸೊರಗುವುದು ಇದೇ ಸ್ನಾಯುಗಳು. ಜಠರದ ಬಾಯಲ್ಲಿರುವ ಬಿಗಿಪಟ್ಟಿಯೂ ಸಡಿಲವಾಗುತ್ತದೆ. ಹೀಗಾಗಿ ಆಮ್ಲ ಸುಲಭವಾಗಿ ಮೇಲೇರುತ್ತದೆ, ಏರಿದ್ದು ಬೇಗ ಇಳಿಯುವುದೂ ಇಲ್ಲ. ಸಾಮಾನ್ಯ ಎದೆಯುರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ವರ್ಷಗಟ್ಟಲೆ ಹೀಗಾದರೆ ಹುಣ್ಣಾಗುತ್ತದೆ, ನಾಳ ಕಿರಿದಾಗುತ್ತದೆ. ಕೆಲವರಲ್ಲಿ ಒಳಪದರದ ಜೀವಕೋಶಗಳೇ ಬದಲಾಗುವ ಬ್ಯಾರೆಟ್ಸ್ ಸ್ಥಿತಿ ಬರುತ್ತದೆ. ಅದು ಕ್ಯಾನ್ಸರ್‌ಗೆ ತಿರುಗುವುದು ಕೆಲವರಲ್ಲಷ್ಟೇ ಆದರೂ ಕಣ್ಣಿಟ್ಟಿರಲೇಬೇಕು.

ನನಗೆ ಇದೆಲ್ಲಕ್ಕಿಂತ ಹೆಚ್ಚು ಆತಂಕ ಶ್ವಾಸಕೋಶದ್ದು. ನಿದ್ದೆಯಲ್ಲಿ ಮೇಲೆ ಬಂದ ಹುಳಿನೀರು ಹನಿಹನಿಯಾಗಿ ಉಸಿರುನಾಳಕ್ಕೆ ಇಳಿಯಬಹುದು. ಈ ಕಾಯಿಲೆ ಹಲವರಲ್ಲಿ ಮೊದಲೇ ಶ್ವಾಸಕೋಶವನ್ನು ಗಟ್ಟಿಯಾಗಿಸುತ್ತಿರುತ್ತದೆ, ಅದರ ಮೇಲೆ ಇದು ಬೇರೆ. ಆದ್ದರಿಂದ ಮನೆಯಲ್ಲಿ ಮಾಡುವ ಬದಲಾವಣೆ ರಾತ್ರಿಯಿಂದಲೇ ಶುರುವಾಗಲಿ.

ಮಂಚದ ತಲೆಭಾಗ ಎತ್ತರಿಸಿ

ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಆರರಿಂದ ಎಂಟು ಇಂಚಿನ ಮರದ ದಿಮ್ಮಿ ಇಡಿ. ದಿಮ್ಮಿ ಸಿಗದಿದ್ದರೆ ಒಂದೊಂದು ಕಾಲಿಗೆ ಎರಡು ಇಟ್ಟಿಗೆಗಳನ್ನು ಅಡ್ಡಕ್ಕೆ ಪೇರಿಸಿದರೆ ಹೆಚ್ಚುಕಡಿಮೆ ಆರು ಇಂಚಾಗುತ್ತದೆ. ಮಲಗುವ ಮುನ್ನ ಮಂಚ ಅಲುಗಾಡಿಸಿ ನೋಡಿ, ಜಾರಬಾರದು. ಎರಡು ಮೂರು ದಿಂಬು ಪೇರಿಸಿಕೊಳ್ಳುವುದು ಇದಕ್ಕೆ ಬದಲಿಯಲ್ಲ. ಹಾಗೆ ಮಲಗಿದರೆ ಕುತ್ತಿಗೆ ಬಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಒತ್ತಡ ಹೆಚ್ಚಾಗುತ್ತದೆ. ಸೊಂಟದಿಂದ ಮೇಲೆ ಇಡೀ ಮೈ ಇಳಿಜಾರಿನಲ್ಲಿರಬೇಕು. ಎಡಮಗ್ಗುಲಲ್ಲಿ ಮಲಗಿದರೆ ಆಮ್ಲ ಏರುವುದು ಇನ್ನೂ ಕಡಿಮೆ.

ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಹತ್ತಕ್ಕೆ ಮಲಗುವವರು ಏಳಕ್ಕೆ ಊಟ ಮುಗಿಸಬೇಕು. ಮನೆಮಂದಿಯೆಲ್ಲ ಒಂಬತ್ತೂವರೆಗೆ ಕೂರುವ ಮನೆಯಲ್ಲಿ ಇದು ಕಷ್ಟ, ಗೊತ್ತು. ಆದರೂ ಮನೆಯವರೇ ಒಂದಿಷ್ಟು ಹೊಂದಿಕೊಳ್ಳಿ, ಕಾಯಿಲೆಯವರನ್ನು ಕಾಯಿಸಬೇಡಿ.

ತಟ್ಟೆಯಲ್ಲಿ ಏನಿರಬೇಕು

ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಮಾಡಿ. ನೆಟ್ಟಗೆ ಕೂತು, ತುತ್ತು ತುತ್ತಿಗೂ ಒಂದು ಗುಟುಕು ನೀರು ಕುಡಿಯಿರಿ. ಸ್ನಾಯು ತಳ್ಳದಿದ್ದಾಗ ನೀರಿನ ಭಾರವೇ ಆಹಾರವನ್ನು ಇಳಿಸಬೇಕು. ಮುದ್ದೆಯನ್ನು ಅಗಿಯದೆ ನುಂಗುವುದು ಹಳೇ ಮೈಸೂರು ಸೀಮೆಯ ರೂಢಿ. ನುಂಗಲು ತೊಂದರೆಯಿರುವವರಿಗೆ ಅದೇ ತುತ್ತು ಎದೆಯಲ್ಲಿ ಕೂತುಬಿಡುತ್ತದೆ. ರಾಗಿ ಬಿಡಬೇಕಿಲ್ಲ, ಅಂಬಲಿ ಮಾಡಿಕೊಳ್ಳಿ. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ. ಖಾರ, ಕರಿದದ್ದು, ಕಾಫಿಗಳಲ್ಲಿ ನಿಮಗೆ ಯಾವುದು ಉರಿ ತರುತ್ತದೋ ಅದನ್ನು ಬಿಟ್ಟರೆ ಸಾಕು. ಎಲ್ಲವನ್ನೂ ಬಿಟ್ಟು ತೂಕ ಕಳೆದುಕೊಳ್ಳುವುದು ಇನ್ನೂ ಅಪಾಯ. ಮದ್ಯ, ಬೀಡಿ-ಸಿಗರೇಟು ಮಾತ್ರ ಬೇಡವೇ ಬೇಡ.

ಮಾತ್ರೆಗಳ ವಿಷಯ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳೇ ಚಿಕಿತ್ಸೆಯ ಆಧಾರ. ಅವನ್ನು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಊಟದ ಮೇಲೆ ನುಂಗಿದರೆ ಅಷ್ಟು ಫಲವಿಲ್ಲ. ಬಹಳಷ್ಟು ಮಂದಿಗೆ ವರ್ಷಾನುಗಟ್ಟಲೆ ಬೇಕಾಗುತ್ತದೆ. ಉರಿ ನಿಂತಿತೆಂದು ನೀವಾಗಿಯೇ ಬಿಡಬೇಡಿ. ಇದರ ಜೊತೆ ವಾಂತಿ ತಡೆಯುವ ಡೊಂಪೆರಿಡೋನ್ ಸೇರಿದ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಹೃದಯದ ಬಡಿತದ ಲಯ ಕೆಡಿಸಬಹುದು, ಸ್ಕ್ಲೆರೋಡರ್ಮಾವೂ ಹೃದಯವನ್ನು ಮುಟ್ಟಬಹುದು. ವೈದ್ಯರು ಇಸಿಜಿ ನೋಡಿ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಬೆರಳು ನೀಲಿಗಟ್ಟದಂತೆ ಕೊಡುವ ನಿಫೆಡಿಪಿನ್ ಜಠರದ ಬಾಯಲ್ಲಿರುವ ಬಿಗಿಪಟ್ಟಿಯನ್ನು ಇನ್ನಷ್ಟು ಸಡಿಲಿಸಬಹುದು. ಹಾಗೆಂದು ನಿಲ್ಲಿಸಬೇಡಿ, ರುಮಟಾಲಜಿಸ್ಟ್ (ಕೀಲು-ವಾತ ರೋಗಗಳ ತಜ್ಞರು) ಜೊತೆ ಮಾತಾಡಿ. ಮೂಳೆ ಸವೆತಕ್ಕೆ ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ನಾಳದಲ್ಲೇ ನಿಂತರೆ ಅಲ್ಲೇ ಸುಟ್ಟು ಹುಣ್ಣಾಗುತ್ತದೆ. ನುಂಗಲು ಕಷ್ಟವಿದ್ದರೆ ಅದರ ಬದಲು ಚುಚ್ಚುಮದ್ದು ಕೊಡಲು ಕೇಳಿ. ನೋವಿನ ಮಾತ್ರೆ, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಏನೇ ಇರಲಿ, ತುಂಬಿದ ಲೋಟ ನೀರಿನೊಂದಿಗೆ ನಿಂತೋ ಕೂತೋ ನುಂಗಿ, ಅರ್ಧ ಗಂಟೆ ಮಲಗಬೇಡಿ.

ಯಾವಾಗ, ಯಾವ ಪರೀಕ್ಷೆ

ನಾಳ ಎಷ್ಟು ಬಲವಾಗಿ ಹಿಂಡುತ್ತದೆ ಎಂಬುದನ್ನು ಮ್ಯಾನೋಮೆಟ್ರಿ ಅಳೆಯುತ್ತದೆ. ಹುಣ್ಣು, ಕಿರಿದಾದ ಜಾಗ, ಬ್ಯಾರೆಟ್ಸ್, ಬಿಳಿ ಬೂಷ್ಟಿನ ಸೋಂಕು ಎಂಡೋಸ್ಕೋಪಿಯಲ್ಲಿ ಕಾಣುತ್ತವೆ. ಕಿರಿದಾದ ಜಾಗವನ್ನು ಎಂಡೋಸ್ಕೋಪಿಯಲ್ಲೇ ಬಲೂನು ಹಾಕಿ ಹಿಗ್ಗಿಸಬಹುದು. ತುತ್ತು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾದರೆ, ತೂಕ ಇಳಿದರೆ, ರಾತ್ರಿ ಕೆಮ್ಮು ಎಬ್ಬಿಸಿದರೆ ಮುಂದಿನ ತಪಾಸಣೆಯ ತಾರೀಕಿಗೆ ಕಾಯಬೇಡಿ. ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಎಂಜಲೂ ಇಳಿಯದಂತೆ ಆಹಾರ ಕಚ್ಚಿಕೊಂಡಿರುವುದು, ಊಟ ನೆತ್ತಿಗೆ ಹತ್ತಿದ ಮೇಲೆ ಜ್ವರ, ಏದುಸಿರು ಕಂಡರೆ ತಡಮಾಡದೆ ತುರ್ತು ವಿಭಾಗಕ್ಕೆ ಹೋಗಿ.

ಆಮ್ಲ ತಡೆಯಲು ಜಠರದ ತುದಿಯನ್ನು ನಾಳದ ಸುತ್ತ ಸುತ್ತಿ ಹೊಲಿಯುವ ಶಸ್ತ್ರಚಿಕಿತ್ಸೆಯೊಂದಿದೆ. ತಳ್ಳುವ ಶಕ್ತಿಯೇ ಇಲ್ಲದ ನಾಳಕ್ಕೆ ಅದರಿಂದ ನುಂಗುವುದೇ ನಿಂತುಹೋಗಬಹುದು, ಹಾಗಾಗಿ ಯಾರಾದರೂ ಸೂಚಿಸಿದರೆ ಮ್ಯಾನೋಮೆಟ್ರಿ ಆಗಿದೆಯೇ ಎಂದು ಕೇಳಿ, ಎರಡನೇ ಅಭಿಪ್ರಾಯ ಪಡೆಯಿರಿ. ಹಲ್ಲು, ಕಣ್ಣು, ಗರ್ಭಕೋಶ ಯಾವುದರ ಆಪರೇಷನ್ ಆದರೂ ಸರಿ, ಅರಿವಳಿಕೆ ಕೊಡುವ ವೈದ್ಯರಿಗೆ ನಿಮ್ಮ ಕಾಯಿಲೆಯ ಹೆಸರು ಮೊದಲೇ ಹೇಳಿ. ಉಪವಾಸವಿದ್ದರೂ ಜಠರದಲ್ಲಿ ಉಳಿದದ್ದು ಮೇಲೇರಬಹುದು; ಚರ್ಮ ಬಿಗಿದು ಬಾಯಿ ಸಾಕಷ್ಟು ತೆರೆಯದವರಿಗೆ ಉಸಿರಿನ ಕೊಳವೆ ಹಾಕಲೂ ಅವರು ಮುಂಚೆಯೇ ತಯಾರಿರಬೇಕಾಗುತ್ತದೆ.