ಶಾಲಾರಂಭದ ನೆರವು ತಿಂಗಳ ಸಂಬಳಕ್ಕೆ ಹೋಗಲಿ
ಮಂಗಳೂರು, ಉಡುಪಿ ಕಡೆ ನಿಮ್ಮ ಚರ್ಚಿನ ಅನುದಾನಿತ ಕನ್ನಡ ಶಾಲೆಗೆ ಈ ಜೂನ್‌ನಲ್ಲಿ ನೆರವಾಗುವುದಾದರೆ ನೋಟ್‌ಬುಕ್ಕಿನ ಕಟ್ಟು ಬೇಡ. ಹತ್ತು ಮನೆಯವರು ಸೇರಿ, ಗೌರವ ಶಿಕ್ಷಕಿಯೊಬ್ಬರ (ಖಾಲಿ ಹುದ್ದೆಗೆ ಆಡಳಿತ ಮಂಡಳಿಯೇ ನೇಮಿಸಿಕೊಂಡವರ) ಸಂಬಳಕ್ಕೆಂದು ತಿಂಗಳಿಗೆ ತಲಾ 500 ರೂಪಾಯಿ ಮಾರ್ಚ್‌ವರೆಗೆ ಶಾಲೆಯ ಖಾತೆಗೆ ತಾನಾಗಿ ಜಮೆಯಾಗುವಂತೆ ಬ್ಯಾಂಕಿಗೆ ಬರೆದುಕೊಡಿ. ಪಠ್ಯಪುಸ್ತಕ, ಬಿಸಿಯೂಟ ಸರಕಾರದಿಂದಲೇ ಬರುತ್ತವೆ; ನಿವೃತ್ತರ ಹುದ್ದೆ ಖಾಲಿ ಉಳಿದಾಗ ಬದಲಿ ಶಿಕ್ಷಕಿಯ ಸಂಬಳ ಆಡಳಿತ ಮಂಡಳಿಯ ತಲೆಗೇ ಬರುತ್ತದೆ. ಒಮ್ಮೆಲೇ ಕೊಟ್ಟ ಹಣ ಸೆಪ್ಟೆಂಬರ್‌ನ ಮೊಂತಿ ಹಬ್ಬದ ಹೊತ್ತಿಗೆ ಕರಗಿರುತ್ತದೆ, ಮಕ್ಕಳಿಗೆ ಟೀಚರ್ ಜನವರಿಯಲ್ಲೂ ಬೇಕು. ನಡುವೆ ಇಬ್ಬರು ಮೂವರು ಕೈಬಿಟ್ಟರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಒಂದೆರಡು ಮನೆ ಹೆಚ್ಚೇ ಸೇರಿಸಿಕೊಳ್ಳಿ. ಶುಲ್ಕದಿಂದಲೇ ನಡೆಯುವ ಇಂಗ್ಲಿಷ್ ಮಾಧ್ಯಮ ಶಾಲೆಗೆ ಈ ಕ್ರಮ ಹೊಂದದು. ಅಲ್ಲಿ ಮುಖ್ಯ ಶಿಕ್ಷಕರನ್ನು ಕೇಳಿ, ಕಷ್ಟದಲ್ಲಿರುವ ಒಂದು ಮಗುವಿನ ಶುಲ್ಕ ಕಟ್ಟಿ.