ಹಾಲಿಲ್ಲದ ಹಾಟ್ ಚಾಕೊಲೇಟ್‌ಗೆ ನಮ್ಮ ಶೇಂಗಾ ಸಾಕು

ಮನೆಯಲ್ಲಿ ಯಾರಿಗಾದ್ರೂ ಹಾಲು ಆಗಿಬರಲ್ಲ ಅಂದ್ರೆ ದುಬಾರಿ ಬಾದಾಮಿ ಹಾಲಿನ ಪ್ಯಾಕೆಟ್ಟೇ ಬೇಕಂತಿಲ್ಲ. ನಮ್ಮ ಚಿತ್ರದುರ್ಗದಲ್ಲಿ ಚಳ್ಳಕೆರೆ ಕಡೆಯ ಒಳ್ಳೆ ಶೇಂಗಾ ಸಿಗುತ್ತೆ ಅಲ್ವಾ? ಅರ್ಧ ಕಪ್ ಹಸಿ ಬೀಜ ರಾತ್ರಿ ನೆನೆಸಿ, ಬೆಳಗ್ಗೆ ಸಿಪ್ಪೆ ಉಜ್ಜಿ ತೆಗೆಯಿರಿ. ಎರಡು ಕಪ್ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ. ತಳ ಹಿಡಿಯದಂತೆ ಕೈಯಾಡಿಸುತ್ತಾ, ಹಸಿ ವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ.

ಕೋಕೋ ಪುಡಿಯನ್ನು ಸುಮ್ನೆ ಮೇಲಿಂದ ಉದುರಿಸಿದ್ರೆ ಗಂಟು ಕಟ್ಟುತ್ತೆ. ಎರಡು ಚಮಚ ಪುಡಿಗೆ ಸ್ವಲ್ಪ ಬಿಸಿನೀರು ಹಾಕಿ, ಹೊಳೆಯುವ ಪೇಸ್ಟ್ ಆಗುವಷ್ಟು ಕಲಸಿ, ಕುದಿಸಿದ ಶೇಂಗಾ ಹಾಲಿಗೆ ಬೆರೆಸಿ. ಒಲೆ ಆರಿಸಿದ ಮೇಲೆ ಬೆಲ್ಲ, ಚಿಟಿಕೆ ಉಪ್ಪು. ಕೆಲವು ಡ್ರಿಂಕಿಂಗ್ ಚಾಕೊಲೇಟ್ ಪುಡಿಗಳಲ್ಲಿ ಹಾಲಿನ ಪುಡಿ ಇರುತ್ತೆ, ಲೇಬಲ್ ಓದಿಯೇ ತನ್ನಿ. ಶೇಂಗಾ ಅಲರ್ಜಿ ಇದ್ದವರಿಗೆ ತೆಂಗಿನ ಹಾಲಲ್ಲಿ ಮಾಡಿಕೊಡಿ.